ಐಬಿಸ್ ಮಾದರಿ

ಐಸಿಯೊಂದರ ಇನ್‌ಪುಟ್ ಮತ್ತು ಔಟ್‌ಪುಟ್ ಬಫರ್‌ಗಳ ವಿದ್ಯುತ್ ವರ್ತನೆಯನ್ನು ಕೋಷ್ಟಕಗಳಲ್ಲಿ ದಾಖಲಿಸುವ ಪಠ್ಯ ಕಡತದ ಸ್ವರೂಪ. 1990ರ ದಶಕದ ಆರಂಭದಲ್ಲಿ ಇಂಟೆಲ್ ಇದಕ್ಕೆ ಚಾಲನೆ ನೀಡಿತು. ಮೊದಲ ಆವೃತ್ತಿ 1993ರಲ್ಲಿ ಹೊರಬಂತು. ಇದರ ಅಗತ್ಯ ಬಂದದ್ದೇಕೆಂದರೆ, ಚಿಪ್ ತಯಾರಕರು ಸ್ಪೈಸ್ ಎಂಬ ಸರ್ಕ್ಯೂಟ್ ಸಿಮ್ಯುಲೇಟರಿಗೆ ಬೇಕಾದ ಟ್ರಾನ್ಸಿಸ್ಟರ್ ಮಟ್ಟದ ಮಾದರಿಯನ್ನು ಕೊಟ್ಟರೆ ತಯಾರಿಕೆಯ ಗುಟ್ಟು ಬಯಲಾಗುತ್ತದೆ, ಸಿಮ್ಯುಲೇಶನ್ನೂ ನಿಧಾನ. ಐಬಿಸ್ ಆದರೋ ಪಿನ್ನಿನಲ್ಲಿ ಕಾಣುವುದನ್ನಷ್ಟೇ ಹೇಳುತ್ತದೆ.

ಔಟ್‌ಪುಟ್ ಬಫರ್‌ಗೆ ಪುಲ್‌ಅಪ್, ಪುಲ್‌ಡೌನ್ ಹಾಗೂ ಕ್ಲ್ಯಾಂಪ್ ಡಯೋಡ್‌ಗಳ ವೋಲ್ಟೇಜ್–ಕರೆಂಟ್ ಕೋಷ್ಟಕಗಳಿರುತ್ತವೆ. ಇವುಗಳ ವ್ಯಾಪ್ತಿ ಸಾಮಾನ್ಯವಾಗಿ ಪೂರೈಕೆ ವೋಲ್ಟೇಜಿನ ಋಣ ಮೌಲ್ಯದಿಂದ ಅದರ ಎರಡು ಪಟ್ಟಿನವರೆಗೆ. 3.3 ವೋಲ್ಟಿನ ಭಾಗಕ್ಕೆ -3.3ರಿಂದ 6.6 ಎಂದರೆ ಅತಿಯೆನಿಸಬಹುದು. ಆದರೆ ಸರಿಯಾಗಿ ಟರ್ಮಿನೇಟ್ ಮಾಡದ ತಂತಿಯಲ್ಲಿ ಪ್ರತಿಫಲಿತ ಅಲೆ ಪಿನ್ನನ್ನು ಅತ್ತ ಎಳೆಯಬಲ್ಲದು. ಸಂಕೇತ ಏರುವ, ಇಳಿಯುವ ಬಗೆಯನ್ನು ವೋಲ್ಟೇಜ್–ಸಮಯ ಕೋಷ್ಟಕಗಳು ತಿಳಿಸುತ್ತವೆ. 50 ಓಮ್ ಲೋಡನ್ನು ಒಮ್ಮೆ ಗ್ರೌಂಡಿಗೆ, ಒಮ್ಮೆ ಪೂರೈಕೆಗೆ ಜೋಡಿಸಿ ಇವನ್ನು ಪಡೆಯುವುದು ರೂಢಿ. ಹೀಗೆ ಎರಡೆರಡು ಅಲೆರೂಪಗಳಿದ್ದರೆ ಮೇಲಿನ, ಕೆಳಗಿನ ಟ್ರಾನ್ಸಿಸ್ಟರ್‌ಗಳು ಪ್ರತಿ ಕ್ಷಣ ಎಷ್ಟು ತೆರೆದಿವೆ ಎಂಬುದನ್ನು ಸಿಮ್ಯುಲೇಟರ್ ಬಿಡಿಬಿಡಿಯಾಗಿ ಲೆಕ್ಕಹಾಕಬಹುದು. ಇನ್‌ಪುಟ್‌ಗೆ ಕ್ಲ್ಯಾಂಪ್‌ಗಳು, ತರ್ಕದ ಮಿತಿ ವೋಲ್ಟೇಜ್‌ಗಳು, ಡೈ ಕೆಪಾಸಿಟೆನ್ಸ್ ಸಾಕು. ಪ್ಯಾಕೇಜಿನ ರೋಧ, ಇಂಡಕ್ಟೆನ್ಸ್, ಕೆಪಾಸಿಟೆನ್ಸ್ ಬೇರೆಯಾಗಿ ಬರುತ್ತವೆ.

ಕಡತದ ಕನಿಷ್ಠ, ಗರಿಷ್ಠ ಕಾಲಮ್‌ಗಳು ಹೊಸಬರನ್ನು ಎಡವಿಸುತ್ತವೆ. ಕರೆಂಟ್ ಕೋಷ್ಟಕದಲ್ಲಿ ಕನಿಷ್ಠ ಎಂದರೆ ದುರ್ಬಲ, ನಿಧಾನ ಬಫರ್. ಕೆಪಾಸಿಟೆನ್ಸ್‌ನಲ್ಲಿ ಬರೀ ಚಿಕ್ಕ ಸಂಖ್ಯೆ, ಅಂದರೆ ವೇಗದ ಕಡೆ.

ಪೂರೈಕೆ ವೋಲ್ಟೇಜ್ ಕುಸಿದಾಗ ಬಫರ್ ಬಲಗುಂದುವುದನ್ನು ಹಳೆಯ ಆವೃತ್ತಿಗಳು ಸರಿಯಾಗಿ ಹಿಡಿಯುತ್ತಿರಲಿಲ್ಲ. 2008ರ 5.0 ಆವೃತ್ತಿ ಅದಕ್ಕೆ ಕೋಷ್ಟಕಗಳನ್ನು ಸೇರಿಸಿತು. ವೇಗದ ಸರಣಿ ಕೊಂಡಿಗಳ ಈಕ್ವಲೈಸೇಶನ್‌ಗಾಗಿ ಎಎಮ್‌ಐ ಎಂಬ ಕಂಪೈಲ್ ಮಾಡಿದ ಮಾದರಿಗಳೂ ಅದರೊಂದಿಗೇ ಬಂದವು.