ಪಲವಾನ್ ಬೆಟ್ಟದವರ ಆದತ್

ಫಿಲಿಪ್ಪೀನ್ಸ್‌ನ ಪಲವಾನ್ ದ್ವೀಪದ ದಕ್ಷಿಣದ ಬೆಟ್ಟಗಳಲ್ಲಿ ಅದೇ ಹೆಸರಿನ ಮೂಲನಿವಾಸಿಗಳು ಬಾಳುತ್ತಿದ್ದಾರೆ. ಕಾಡಿನ ಒಂದು ತುಂಡನ್ನು ಕಡಿದು ಸುಟ್ಟು ಭತ್ತ ಬಿತ್ತುವುದು, ಬಳಿಕ ಆ ನೆಲವನ್ನು ವರ್ಷಗಟ್ಟಲೆ ಬೀಳುಬಿಡುವುದು ಅವರ ಬೇಸಾಯ. ನಮ್ಮ ಮಲೆನಾಡಿನಲ್ಲಿ ಹಿಂದೆ ಇದನ್ನು ಕುಮರಿ ಎನ್ನುತ್ತಿದ್ದರು.

ನಮ್ಮ ಗಮನ ಸೆಳೆಯುವುದು ಅವರ ಎರಡು ಪದಗಳು. ತಮ್ಮ ಕಟ್ಟಳೆಯನ್ನು ಅವರು 'ಆದತ್' ಎನ್ನುತ್ತಾರೆ. ಉರ್ದು ಮನೆಗಳಲ್ಲಿ ಅಭ್ಯಾಸ ಎಂಬ ಅರ್ಥದಲ್ಲಿ ದಿನವೂ ಕೇಳುವ ಅರಬಿ ಪದವೇ ಅದು. ಜಗಳ ಬಂದಾಗ ಹಿರಿಯರ ಮುಂದೆ ನಡೆಯುವ ಮಾತುಕತೆಗೆ 'ಬಿಸಾರ' ಎಂದು ಹೆಸರು. ಅದು ನಮ್ಮ 'ವಿಚಾರ'ವೇ, ಮಲಯ ಭಾಷೆಯ ಹಾದಿಯಲ್ಲಿ ಅಲ್ಲಿಗೆ ತಲುಪಿದ್ದು. ಅಲ್ಲಿ ಸೆರೆಮನೆಯ ಮಾತಿಲ್ಲ. ತಪ್ಪಿತಸ್ಥನು ದಂಡ ತೆತ್ತು ಕೆಟ್ಟ ಸಂಬಂಧವನ್ನು ಸರಿಪಡಿಸಿಕೊಳ್ಳಬೇಕು.

ದಕ್ಷಿಣ ಪಲವಾನ್ ಬಹುಕಾಲ ಸುಲು ಸುಲ್ತಾನರ ಪ್ರಭಾವದಲ್ಲಿತ್ತು. ಕೆಲವರು ಇಸ್ಲಾಮ್ ಸ್ವೀಕರಿಸಿದರು, ಬೆಟ್ಟದವರಲ್ಲಿ ಹೆಚ್ಚಿನವರು ತಮ್ಮ ನಂಬಿಕೆಯಲ್ಲೇ ಉಳಿದರು. ಆದರೂ ನ್ಯಾಯದ ಪದಗಳು ಬೆಟ್ಟ ಹತ್ತಿದವು. ಸುಲ್ತಾನರೆಂದರೆ ಯುದ್ಧ, ಮತಾಂತರ ಎಂದಷ್ಟೇ ಓದಿಕೊಂಡವರು ಇದನ್ನು ಗಮನಿಸಬೇಕು.

ರಾತ್ರಿಯಿಡೀ ಹಾಡುವ ಅವರ ಮಹಾಕಾವ್ಯಗಳಿಗೆ 'ತುಲ್ತುಲ್' ಎನ್ನುತ್ತಾರೆ. ಗಾಯಕ ಮಸಿನೊ ಇಂತರಾಯ್ ಅವರಿಗೆ 1993ರಲ್ಲಿ ರಾಷ್ಟ್ರೀಯ ಗೌರವ ಸಂದಿತು. 2013ರಲ್ಲಿ ಅವರು ತೀರಿಕೊಂಡರು.

ಹಾಡಿಗೆ ಸಂದ ಮನ್ನಣೆ ನೆಲಕ್ಕೆ ಸಂದಿಲ್ಲ. ಪೂರ್ವಜರ ನೆಲದಲ್ಲಿ ಗಣಿ ತೆರೆಯಲು ಮೂಲನಿವಾಸಿಗಳ ಒಪ್ಪಿಗೆ ಬೇಕೆಂದು 1997ರ ಕಾಯ್ದೆ ಹೇಳುತ್ತದೆ. ಹಾಗಿದ್ದೂ ನಿಕ್ಕಲ್ ಗಣಿಗಳು, ತಾಳೆ ಎಣ್ಣೆಯ ತೋಟಗಳು ಬೆಟ್ಟದ ಬುಡದವರೆಗೆ ಬಂದಿವೆ. ಹೊಸ ಗಣಿ ಅರ್ಜಿಗಳನ್ನು 50 ವರ್ಷ ತಡೆಹಿಡಿಯಲು 2025ರಲ್ಲಿ ಪ್ರಾಂತೀಯ ಮಂಡಳಿ ತೀರ್ಮಾನಿಸಿತು. ಹಳೆಯ ಗಣಿಗಳಿಗೆ ಈ ತಡೆ ತಟ್ಟಲಿಲ್ಲ.