ಏರುವ ಗಂಗೆ, ಮುಳುಗುವ ಮಗ್ಗ

1978ರ ಸೆಪ್ಟೆಂಬರ್‌ನಲ್ಲಿ ವಾರಾಣಸಿಯ ರಾಜಘಾಟ್‌ನಲ್ಲಿ ಗಂಗೆ 73.901 ಮೀಟರ್ ಮುಟ್ಟಿತು. ಅಲ್ಲಿ ಅಪಾಯದ ಮಟ್ಟ 71.262. 2013, 2016, 2021ರಲ್ಲೂ ನದಿ ಆ ಗೆರೆ ದಾಟಿತಾದರೂ ಹಳೆಯ ದಾಖಲೆ ಉಳಿದುಕೊಂಡಿದೆ.

ಪ್ರವಾಹ ಬಂದಾಗ ಪತ್ರಿಕೆಗಳಲ್ಲಿ ಕಾಣುವುದು ಘಾಟುಗಳ ಚಿತ್ರ. ಮೈಸೂರು ಸಂಸ್ಥಾನ ಕಟ್ಟಿಸಿದ ಕರ್ನಾಟಕ ಘಾಟ್‌ನ ಮೆಟ್ಟಿಲುಗಳು ಮುಳುಗುತ್ತವೆ, ಪಕ್ಕದ ಹರಿಶ್ಚಂದ್ರ ಘಾಟ್‌ನ ಚಿತೆಗಳು ಗಲ್ಲಿಗೆ ಏರುತ್ತವೆ, ಆರತಿ ಮಾಳಿಗೆ ಹತ್ತುತ್ತದೆ. ನಿಜವಾದ ನಷ್ಟ ಮಾತ್ರ ಊರಿನ ಹಿತ್ತಲಲ್ಲಿ. ಗಂಗೆ ಉಕ್ಕಿದರೆ ವರುಣಾ ನದಿ ಹಿಮ್ಮುಖವಾಗಿ ಹರಿದು ಸರೈಯಾ, ನಕ್ಕೀ ಘಾಟ್‌ನಂಥ ನೇಕಾರರ ಕೇರಿಗಳಿಗೆ ನುಗ್ಗುತ್ತದೆ. ಗುಂಡಿಮಗ್ಗದಲ್ಲಿ ನೇಕಾರ ಕಾಲು ಇಳಿಬಿಟ್ಟು ಕೂರುವ ಕುಳಿಯೇ ಮೊದಲು ತುಂಬುವುದು. ನೀರಿಳಿದ ಮೇಲೂ ಕೆಸರು ತೆಗೆದು, ನೆಲ ಒಣಗುವ ತನಕ ಲಾಳಿ ಓಡುವುದಿಲ್ಲ.

ಸರ್ಕಾರಿ ನೆರವು ಕಾಲಕಾಲಕ್ಕೆ ಬದಲಾಗುತ್ತ ಬಂದಿದೆ. 1880ರ ಕ್ಷಾಮ ಆಯೋಗದ ಬಳಿಕ ಬ್ರಿಟಿಷರು ಬರೆದ ಕ್ಷಾಮ ಸಂಹಿತೆಗಳ ಕಣ್ಣು ಬರಗಾಲದ ಮೇಲಿತ್ತು. 1990ರಲ್ಲಿ ರಾಜ್ಯಗಳಿಗೆ ವಿಪತ್ತು ಪರಿಹಾರ ನಿಧಿ ಬಂತು. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ನಂತರ ಅದೇ ರಾಜ್ಯ ವಿಪತ್ತು ಸ್ಪಂದನಾ ನಿಧಿಯಾಯಿತು. ಹೀಗೆ, ದಯೆಯಿಂದ ಕೊಡುತ್ತಿದ್ದುದಕ್ಕೆ ದರಪಟ್ಟಿ ಸಿಕ್ಕಿತು.

ಆ ಪಟ್ಟಿಯಲ್ಲಿ ಕೈಮಗ್ಗಕ್ಕೂ ಒಂದು ಸಾಲಿದೆ: 2022–26ರ ಮಾನದಂಡದಂತೆ ಹಾಳಾದ ಸಲಕರಣೆಗೆ 5,000 ರೂಪಾಯಿ, ಕಚ್ಚಾವಸ್ತು ಹಾಗೂ ಸಿದ್ಧ ಸರಕಿಗೆ ಮತ್ತೆ 5,000. ಅದಕ್ಕೂ ಅಧಿಕಾರಿಯ ಪ್ರಮಾಣಪತ್ರ ಬೇಕು. ಆದರೆ ಬನಾರಸಿನಲ್ಲಿ ಎಷ್ಟೋ ನೇಕಾರರು ದುಡಿಯುವುದು ಸಾಹುಕಾರರು ಕೊಟ್ಟ ರೇಷ್ಮೆಯಲ್ಲಿ, ಕೆಲವರು ಪರರ ಮಗ್ಗದಲ್ಲಿ. ನೂಲು ಅವರದಲ್ಲ, ಮಗ್ಗವೂ ಅವರದಲ್ಲ. ತಪ್ಪಿಹೋದ ಕೂಲಿಯಷ್ಟೇ ಅವರದು.