ಅಟ್ಟ, ಪರದೆ, ದೀಪ



ನಮ್ಮ ಗೊಬ್ಬೂರಿನ ಜಾತ್ರೆಯಲ್ಲಿ ತೇರು ಎಳೆದ ರಾತ್ರಿ ಆಟ ಆಡಿಸುವುದು ಹಿರಿಯರ ಕಾಲದಿಂದ ನಡೆದುಬಂದ ಪದ್ಧತಿ. ಈ ವರ್ಷ ಆ ಆಟದ ಸಲುವಾಗಿ ಊರಲ್ಲಿ ಎರಡು ಪಕ್ಷಗಳಾಗಿವೆ. ಬಣ್ಣ ಬದಲಿಸುವ ಎಲ್‌ಇಡಿ ದೀಪ, ಡಿಜೆ ಪೆಟ್ಟಿಗೆ, ಹಿಂಬದಿಗೆ ಚಿತ್ರ ಓಡುವ ಪರದೆ ಇವಿಲ್ಲದೆ ಜನ ಕೂಡುವುದಿಲ್ಲವೆಂದು ತರುಣರು ಹೇಳುತ್ತಾರೆ. ಅವು ಬಂದರೆ ತಾವು ಬಣ್ಣ ಹಚ್ಚುವುದಿಲ್ಲವೆಂದು ದೊಡ್ಡಾಟದ ಹಿರಿಯರು ಹೇಳುತ್ತಾರೆ. ನಿನ್ನೆ ಸಂಜೆ ಎರಡೂ ಕಡೆಯವರು ಮಠಕ್ಕೆ ಬಂದು ನಮ್ಮ ಅಪ್ಪಣೆ ಕೇಳಿದರು. ಅಪ್ಪಣೆ ಕೊಡುವುದಕ್ಕಿಂತ ಮೊದಲು ರಂಗಸ್ಥಳದ ಚರಿತ್ರೆಯನ್ನು ಸ್ವಲ್ಪ ವಿಚಾರ ಮಾಡಬೇಕೆಂದು ನಮಗೆ ತೋರಿತು. ಆಟ ನೋಡುವವನ ಅನುಭವವನ್ನು ಅಟ್ಟ, ಪರದೆ, ದೀಪಗಳು ಹೇಗೆ ರೂಪಿಸುತ್ತವೆ ಎಂಬುದನ್ನು ನಮ್ಮ ಪೂರ್ವಿಕರು ಬಹು ಹಿಂದೆಯೇ ಕೂಲಂಕಷವಾಗಿ ಯೋಚಿಸಿದ್ದಾರೆ.

ಸಂಸ್ಕೃತ ಪಾಠಶಾಲೆಯಲ್ಲಿ ನಾವು ಭರತಮುನಿಯ ನಾಟ್ಯಶಾಸ್ತ್ರವನ್ನು ಓದುವಾಗ ಎರಡನೆಯ ಅಧ್ಯಾಯ ನಮಗೆ ಬೇಸರ ತರುತ್ತಿತ್ತು. ರಸ, ಭಾವಗಳ ಮಾತು ಬರುವುದಕ್ಕೆ ಮೊದಲು ಕಂಬ, ಗೋಡೆ, ಅಳತೆಗಳ ಮಾತು ಏಕೆಂದು ನಾವು ಗೊಣಗುತ್ತಿದ್ದೆವು. ಭರತನು ನಾಟ್ಯಗೃಹಕ್ಕೆ ಮೂರು ಆಕಾರಗಳನ್ನು ಹೇಳುತ್ತಾನೆ: ಉದ್ದನೆಯ ವಿಕೃಷ್ಟ, ಚೌಕವಾದ ಚತುರಸ್ರ, ಮೂರು ಮೂಲೆಯ ತ್ರ್ಯಸ್ರ. ಅಳತೆಯೂ ಮೂರು ವಿಧ: 108 ಹಸ್ತ, 64 ಹಸ್ತ, 32 ಹಸ್ತ. ಇವುಗಳಲ್ಲಿ ಮನುಷ್ಯರಿಗೆ ತಕ್ಕದ್ದು 64 ಹಸ್ತ ಉದ್ದ, 32 ಹಸ್ತ ಅಗಲದ ಮಧ್ಯಮ ಗೃಹವೆಂದು ಅವನ ನಿರ್ಣಯ. ಹಸ್ತಕ್ಕೆ ಒಂದೂವರೆ ಅಡಿ ಹಿಡಿದರೆ ಸುಮಾರು 96 ಅಡಿ ಉದ್ದ, 48 ಅಡಿ ಅಗಲ. ಅದರಲ್ಲಿ ಅರ್ಧ ಪ್ರೇಕ್ಷಕರಿಗೆ, ಉಳಿದ ಅರ್ಧ ರಂಗಕ್ಕೆ ಮತ್ತು ಬಣ್ಣ ಹಚ್ಚುವ ನೇಪಥ್ಯಕ್ಕೆ. ಎಂದರೆ ಕಟ್ಟಕಡೆಯಲ್ಲಿ ಕುಳಿತವನೂ ರಂಗದಿಂದ ಐವತ್ತು ಅಡಿಗಿಂತ ಬಹಳ ದೂರವಿರಲಾರ. ಇದಕ್ಕೆ ಕಾರಣವನ್ನೂ ಅವನೇ ಕೊಟ್ಟಿದ್ದಾನೆ. ಗೃಹ ಮಿತಿಮೀರಿ ದೊಡ್ಡದಾದರೆ ನಟನ ಮಾತು ಒಡೆದು ಅಸ್ಪಷ್ಟವಾಗುತ್ತದೆ, ಮುಖದ ಮೇಲಿನ ಭಾವ ಕಾಣದಾಗುತ್ತದೆ. ಆಸನಗಳು ಮೆಟ್ಟಿಲಿನಂತೆ ಏರಬೇಕು, ಗೃಹವು ಪರ್ವತದ ಗುಹೆಯಂತಿದ್ದು ಕಿಟಕಿಗಳು ಸಣ್ಣವಿರಬೇಕು, ಗಾಳಿ ನುಗ್ಗಿ ಸ್ವರವನ್ನು ಕೆಡಿಸಬಾರದು ಎಂದೂ ವಿಧಿಸಿದ್ದಾನೆ. ಈ ಅಳತೆಗಳೆಲ್ಲ ನೋಡುವವನ ಕಣ್ಣು ಮತ್ತು ಕಿವಿಗಳಿಂದ ಹುಟ್ಟಿದವು ಎಂಬ ಅರಿವು ನಮಗೆ ಬಹಳ ತಡವಾಗಿ ಬಂತು. ಅದು ಹೇಗೆ ಬಂತೆಂಬುದನ್ನು ಕೊನೆಗೆ ಹೇಳುತ್ತೇವೆ.

ಅಭಿನಯದ ನಾಲ್ಕು ಭೇದಗಳಲ್ಲಿ ಆಂಗಿಕ, ವಾಚಿಕ, ಸಾತ್ತ್ವಿಕಗಳ ಜೊತೆಗೆ ಆಹಾರ್ಯವನ್ನೂ ಭರತನು ಎಣಿಸಿದ್ದಾನೆ. ವೇಷ, ಬಣ್ಣ, ಆಭರಣ, ರಂಗದ ಮೇಲಿನ ವಸ್ತು ಇವೆಲ್ಲ ಆಹಾರ್ಯ. ಅವನ್ನು ಹೊರಗಿನ ಅಲಂಕಾರವೆಂದು ಬದಿಗಿಡದೆ ಅಭಿನಯವೆಂದೇ ಕರೆದದ್ದನ್ನು ಗಮನಿಸಬೇಕು. ಆದರೆ ಅದಕ್ಕೊಂದು ಮಿತಿಯನ್ನೂ ಹಾಕಿದ್ದಾನೆ. ಆಯುಧ, ಆಭರಣಗಳನ್ನು ನಿಜವಾದ ಲೋಹದಿಂದ ಮಾಡಬಾರದು. ಬಿದಿರು, ಬಟ್ಟೆ, ಅರಗುಗಳಿಂದ ಹಗುರಾಗಿ ಮಾಡಬೇಕು, ಭಾರವಾದರೆ ನಟನು ಬಳಲಿ ಅಭಿನಯ ಕುಂದುತ್ತದೆ. ಇನ್ನು ಕಾಡು, ನಗರ, ಅರಮನೆಗಳನ್ನು ತೋರಿಸಲು ಅವನಿಗೆ ಚಿತ್ರದ ಪರದೆಯೂ ಬೇಕಾಗಲಿಲ್ಲ. ನಟನು ರಂಗವನ್ನೊಂದು ಸುತ್ತು ಹಾಕಿದರೆ ಸ್ಥಳ ಬದಲಾಯಿತು. ಇದಕ್ಕೆ ಕಕ್ಷ್ಯಾವಿಭಾಗವೆಂದು ಹೆಸರು.

ಶಾಸ್ತ್ರದ ಗೃಹ ರಾಜರ ಆಶ್ರಯದ್ದಾಯಿತು. ಜನರ ನಡುವೆ ಏನಿತ್ತೆಂದು ನೋಡಿದರೆ ಹನ್ನೆರಡನೆಯ ಶತಮಾನದ ಶರಣರಲ್ಲಿಯೇ ಬಹುರೂಪಿ ಚೌಡಯ್ಯನವರಿದ್ದಾರೆ. ನಾನಾ ವೇಷ ಧರಿಸಿ ಆಡಿ ತೋರಿಸುವುದೇ ಅವರ ಕಾಯಕ. ನಗೆಯ ಮಾರಿತಂದೆಗಳ ಕಾಯಕ ಜನರನ್ನು ನಗಿಸುವುದು. ಇಂಥ ಕಾಯಕಕ್ಕೆ ಕಟ್ಟಡ ಬೇಡ. ಬೀದಿ, ಅಂಗಳಗಳೇ ರಂಗ. ಆ ಪರಂಪರೆಯ ಹೊಳಹನ್ನು ನಾವು ನಮ್ಮ ಭಾಗದ ಹಗಲುವೇಷಗಾರರಲ್ಲಿ ಕಂಡಿದ್ದೇವೆ. ಹೆಸರೇ ಹೇಳುವಂತೆ ಅವರದು ಹಗಲಿನ ಆಟ. ದೀಪವಿಲ್ಲ, ಪರದೆಯಿಲ್ಲ. ಮನೆಯ ಬಾಗಿಲಿಗೆ ಬಂದು ನಿಂತ ವೇಷಕ್ಕೆ ಮರೆಯೇ ಇಲ್ಲದಿರುವುದರಿಂದ ಬಣ್ಣ, ಮಾತು ಎರಡೂ ಬಿಸಿಲಿನಲ್ಲಿ ನಿಲ್ಲುವಂತಿರಬೇಕು.

ದೊಡ್ಡಾಟದ್ದು ರಾತ್ರಿಯ ವ್ಯವಸ್ಥೆ. ಕಟ್ಟಿಗೆಯ ಹಲಗೆ ಹೊಂದಿಸಿ ಕಟ್ಟಿದ ಅಟ್ಟ, ಹಿಂದೊಂದು ಬಟ್ಟೆ, ಮೂರು ಕಡೆಗೂ ಮಂದಿ. ಹಿಂದೆ ಹಿಲಾಲು, ಆಮೇಲೆ ಗ್ಯಾಸಬತ್ತಿ. ಅರದಾಳ, ಇಂಗಳೀಕಗಳ ಬಣ್ಣ, ಬೇಗಡೆ ಹಚ್ಚಿದ ಕಿರೀಟ, ಭುಜಕೀರ್ತಿಗಳು ಆ ಬೆಂಕಿಯ ಬೆಳಕಿಗಾಗಿಯೇ ಹುಟ್ಟಿದವು. ಉರಿ ಅಲುಗಾಡಿದಾಗ ಬೇಗಡೆ ಮಿಂಚುತ್ತದೆ, ವೇಷಧಾರಿ ಉಸಿರಾಡಿದರೂ ಎದೆಯ ಮೇಲೆ ಬೆಳಕು ಹರಿದಾಡುತ್ತದೆ. ಅದೇ ಕಿರೀಟವನ್ನು ಇಂದಿನ ಬಿಳಿಯ ದೀಪದ ಕೆಳಗಿಟ್ಟರೆ ಹಾಳೆಯ ತುಂಡು ಹಾಳೆಯಾಗಿಯೇ ಕಾಣುತ್ತದೆ. ಕಿರೀಟ ಕೆಟ್ಟಿರುವುದಿಲ್ಲ, ಬೆಳಕು ಅದಕ್ಕೆ ಹೊಂದುವುದಿಲ್ಲ. ಮತ್ತೊಂದು ಮಾತು. ಆ ಅಟ್ಟದ ಸುತ್ತ ಕುಳಿತವರಿಗೆ ಎದುರು ಕುಳಿತವರ ಮುಖವೂ ಕಾಣುತ್ತಿತ್ತು. ಸಾರಥಿ ಒಂದು ಚಟಾಕಿ ಹಾರಿಸಿದರೆ ಆಚೆಯವರು ನಕ್ಕದ್ದನ್ನು ನೋಡಿ ಈಚೆಯವರು ನಗುತ್ತಿದ್ದರು. ಆಟದ ಅರ್ಧ ಆನಂದ ಹೀಗೆ ಒಬ್ಬರಿಂದೊಬ್ಬರಿಗೆ ದಾಟುತ್ತಿತ್ತು.

ಇಂಥ ಕನ್ನಡದ ಬಯಲಿನ ಆಟವೇ ಮರಾಠಿ ನಾಟಕಕ್ಕೂ ಪ್ರೇರಣೆಯಾಯಿತು. ಉತ್ತರ ಕನ್ನಡದ ಕರ್ಕಿಯ ಭಾಗವತ ಮೇಳ ಸಾಂಗಲಿಯಲ್ಲಿ ಆಡಿದ್ದನ್ನು ನೋಡಿದ ಅಲ್ಲಿಯ ರಾಜರು ವಿಷ್ಣುದಾಸ ಭಾವೆಯವರಿಗೆ ಅಂಥದೊಂದನ್ನು ರಚಿಸಲು ಹೇಳಿದರು. 1843ರಲ್ಲಿ ‘ಸೀತಾ ಸ್ವಯಂವರ’ ರಂಗಕ್ಕೆ ಬಂತು. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ಪುಣೆಯಲ್ಲಿ ‘ಶಾಕುಂತಲ’ವನ್ನು ಆಡಿಸಿದರು. ಮರಾಠಿ ನಾಟಕಗಳ ಅಬ್ಬರದಲ್ಲಿ ಕನ್ನಡ ಮಂಕಾಗುವುದನ್ನು ಸಹಿಸದ ಶಾಂತಕವಿಗಳು ಅಷ್ಟರಲ್ಲಿಯೇ ಗದುಗಿನಲ್ಲಿ ಕನ್ನಡ ಮಂಡಳಿಯನ್ನು ಕಟ್ಟಿದ್ದರು. ಅದೇ ಕಾಲಕ್ಕೆ ಮುಂಬಯಿಯ ಪಾರ್ಸಿ ಕಂಪನಿಗಳು ಬಣ್ಣದ ಪರದೆಗಳನ್ನು ಊರೂರಿಗೆ ತಂದವು. ಇದಕ್ಕೆ ರೈಲು ದಾರಿ ಮಾಡಿತು. ನಮ್ಮ ಗಾಣಗಾಪುರ ರೋಡ್, ಕಲಬುರಗಿಗಳ ಮೇಲೆ ಹಾಯುವ ಮುಂಬಯಿ ಮಾರ್ಗವು 1871ರಲ್ಲಿ ರಾಯಚೂರನ್ನು ಮುಟ್ಟಿತು. ಬಂಡಿಯ ಮೇಲೆ ಹೊರಲಾಗದ ಸಾಮಾನನ್ನು ರೈಲು ಹೊತ್ತಿತು.

ಪರದೆ ಬಂದದ್ದರಿಂದ ನಾಟಕದ ಕಟ್ಟಡವೇ ಬದಲಾಯಿತು. ಅರಮನೆಯ ದೃಶ್ಯವನ್ನು ಹಿಂದೆ ಜೋಡಿಸಲು ಹೊತ್ತು ಬೇಕು. ಅಷ್ಟು ಹೊತ್ತು ಪ್ರೇಕ್ಷಕರನ್ನು ಹಿಡಿದಿಡಬೇಕು. ಆದುದರಿಂದ ಮುಂದೊಂದು ರಸ್ತೆಯ ಪರದೆ ಬಿಟ್ಟು ಅದರ ಮುಂದೆ ಹಾಸ್ಯದವರನ್ನು ನಿಲ್ಲಿಸಿದರು. ಕಂಪನಿ ನಾಟಕಗಳಲ್ಲಿ ಗಂಭೀರ ಪ್ರಸಂಗಕ್ಕೊಂದು ಹಾಸ್ಯ ಪ್ರಸಂಗ ಬೆನ್ನು ಹತ್ತಿರುವುದಕ್ಕೆ ಕವಿಯ ಇಚ್ಛೆಯೊಂದೇ ಕಾರಣವಲ್ಲ. ಪರದೆಯ ಹಿಂದೆ ಬೆವರು ಸುರಿಸುವ ಕೆಲಸಗಾರರೂ ಕಾರಣ. ಮೂರು ಕಡೆ ಕೂಡುತ್ತಿದ್ದ ಮಂದಿ ಈಗ ಒಂದೇ ಕಡೆ ಕುಳಿತರು, ಏಕೆಂದರೆ ಬರೆದ ಚಿತ್ರ ಎದುರಿನಿಂದಷ್ಟೇ ಸರಿಯಾಗಿ ಕಾಣುತ್ತದೆ.

ಈ ವೈಭವದ ಶಿಖರವೆಂದರೆ ಗುಬ್ಬಿ ಕಂಪನಿ. 1884ರಲ್ಲಿ ಹುಟ್ಟಿದ ಶ್ರೀ ಚನ್ನಬಸವೇಶ್ವರ ನಾಟಕ ಸಂಘವನ್ನು ಬೆಳೆಸಿದ ವೀರಣ್ಣನವರು 1934ರಲ್ಲಿ ‘ಕುರುಕ್ಷೇತ್ರ’ ನಾಟಕಕ್ಕೆ ನಿಜವಾದ ಆನೆ, ಕುದುರೆ, ರಥಗಳನ್ನೇ ರಂಗದ ಮೇಲೆ ತಂದರು. ಪ್ರಾಣಿಗಳ ರಂಗಪ್ರವೇಶಕ್ಕೆ ಭರತನು ಸಂಜೀವವೆಂದು ಹೆಸರಿಟ್ಟಿದ್ದಾನೆ. ಆನೆ ಬಂದಾಗ ಯಾರು ತಾನೆ ನಟನ ಮುಖ ನೋಡುತ್ತಾರೆ ಎಂದು ನೀವು ಕೇಳಬಹುದು. ಆದರೆ ಇದೇ ವೀರಣ್ಣನವರು ‘ಸದಾರಮೆ’ಯಲ್ಲಿ ಕಳ್ಳನ ಪಾತ್ರ ವಹಿಸಿದಾಗ ಯಾವ ಆನೆಯೂ ಬೇಕಾಗಲಿಲ್ಲ, ಮಾತು ಮತ್ತು ಹಾವಭಾವದಿಂದಲೇ ಮಂದಿಯನ್ನು ಗೆದ್ದರು. ಮಹಾಭಾರತದ ಯುದ್ಧಕ್ಕೆ ಎಷ್ಟು ಬೇಕು, ಒಬ್ಬ ಕಳ್ಳನ ಜಾಣತನಕ್ಕೆ ಎಷ್ಟು ಸಾಕು ಎಂಬ ತೂಕ ಆ ಹಿರಿಯರಿಗೆ ಗೊತ್ತಿತ್ತು.

ಬೆಳಕಿನ ಚರಿತ್ರೆ ಹೊರದೇಶದಲ್ಲಿ ಬೇರೊಂದು ದಾರಿ ಹಿಡಿಯಿತು. ಜರ್ಮನಿಯ ಬೈರಾಯ್ಟ್‌ನಲ್ಲಿ ವಾಗ್ನರ್ 1876ರಲ್ಲಿ ತೆರೆದ ರಂಗಮಂದಿರದಲ್ಲಿ ಪ್ರೇಕ್ಷಕರ ಭಾಗವನ್ನು ಕತ್ತಲೆ ಮಾಡಿದರು. 1881ರಲ್ಲಿ ಲಂಡನ್ನಿನ ಸವಾಯ್ ಥಿಯೇಟರಿಗೆ ಪೂರ್ತಿ ವಿದ್ಯುದ್ದೀಪ ಬಂತು. ಇಂದು ಕಲಬುರಗಿಯ ಡಾ. ಎಸ್.ಎಂ. ಪಂಡಿತ ರಂಗಮಂದಿರದಲ್ಲಿ ನೀವು ಕುಳಿತಾಗ ದೀಪ ಆರಿ, ನಟನ ಮೇಲೆ ಮಾತ್ರ ಬೆಳಕು ಬೀಳುತ್ತದಲ್ಲವೆ? ಆ ಪದ್ಧತಿಯ ಮೂಲ ಅಲ್ಲಿದೆ. ಕತ್ತಲೆಯಲ್ಲಿ ಪ್ರತಿಯೊಬ್ಬನೂ ಒಂಟಿ. ಚಿತ್ತ ಏಕಾಗ್ರವಾಗುತ್ತದೆ, ಇದು ಲಾಭ. ನೆರೆಯವನ ನಗೆ, ಕಣ್ಣೀರು ಕಾಣುವುದಿಲ್ಲ, ಇದು ನಷ್ಟ.

ಇಲ್ಲಿ ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೆನೆಯದೆ ಮುಂದೆ ಹೋಗಲಾರೆವು. ಹಾನಗಲ್ಲ ಕುಮಾರಸ್ವಾಮಿಗಳ ಕೃಪೆಯಿಂದ ಬೆಳೆದ ಪಂಚಾಕ್ಷರ ಗವಾಯಿಗಳು ಹುಟ್ಟು ಅಂಧರು. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು ಶೈಶವದಲ್ಲಿಯೇ ದೃಷ್ಟಿ ಕಳೆದುಕೊಂಡವರು. ಅಂಧ, ಅನಾಥ ಮಕ್ಕಳ ಅನ್ನ ವಿದ್ಯೆಗಳಿಗಾಗಿ ಈ ಗುರುಗಳ ಆಶ್ರಯದಲ್ಲಿ ನಾಟ್ಯ ಸಂಘವೇ ನಡೆಯಿತು. ಪುಟ್ಟರಾಜರು ಸ್ವತಃ ನಾಟಕಗಳನ್ನು ರಚಿಸಿದರು. ಅವರ ಸಂಘದಲ್ಲಿಯೂ ಪರದೆಗಳಿದ್ದವು, ದೀಪಗಳಿದ್ದವು. ಗುರುಗಳಿಗೆ ಅವು ಕಾಣುತ್ತಿರಲಿಲ್ಲ. ಸ್ವರ, ಮಾತು, ಮಂದಿಯ ಮೌನ ಇವು ಮಾತ್ರ ಅವರನ್ನು ಮುಟ್ಟುತ್ತಿದ್ದವು. ಪರದೆಯನ್ನು ನೋಡಲಾರದವರು ಪರದೆಯನ್ನು ಬೇಡವೆನ್ನಲಿಲ್ಲ, ಅದರ ಮೇಲೆ ಭಾರವನ್ನೂ ಹಾಕಲಿಲ್ಲ. ಅಲಂಕಾರಕ್ಕೆ ಕೊಡಬೇಕಾದ ಸ್ಥಾನವನ್ನು ಇದಕ್ಕಿಂತ ಚೆನ್ನಾಗಿ ಯಾವ ಶಾಸ್ತ್ರವೂ ನಮಗೆ ತಿಳಿಸಿಲ್ಲ.

ಮುಂದೆ ಕಾಲಚಕ್ರ ತಿರುಗಿತು. ಬಾಲ್ಯದಲ್ಲಿ ಗುಬ್ಬಿ ಕಂಪನಿಯಲ್ಲಿ ಬೆಳೆದ ಬಿ.ವಿ. ಕಾರಂತರೇ 1972ರಲ್ಲಿ ಬೆಂಗಳೂರಿನ ಬಯಲಿನಲ್ಲಿ ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’ಯನ್ನು ಆಡಿಸಿದರು. ಬಯಲಾಟದ ಧಾಟಿ ನಗರಕ್ಕೆ ಹೋಯಿತು. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ಮಠದಲ್ಲಿ 1987ರಲ್ಲಿ ಶಿವಕುಮಾರ ಕಲಾಸಂಘ ಆರಂಭವಾಗಿ, 1997ರಿಂದ ಶಿವಸಂಚಾರವು ನಾಡೆಲ್ಲ ತಿರುಗುತ್ತಿದೆ. ಅಲ್ಲಿಯ ಬಯಲು ರಂಗಮಂದಿರ ಗ್ರೀಕರ ಮಾದರಿಯದು, ಮೆಟ್ಟಿಲುಗಳು ಬಾಗಿ ರಂಗವನ್ನು ಅಪ್ಪಿಕೊಂಡಿವೆ.

ಈಗ ನಮ್ಮ ತಪ್ಪನ್ನು ಹೇಳಬೇಕು. ಹನ್ನೆರಡು ವರ್ಷಗಳ ಹಿಂದೆ ಈ ಅಂಗಳದಲ್ಲಿ ಸಿಮೆಂಟಿನ ರಂಗಮಂಚ ಕಟ್ಟಿಸಿದವರು ನಾವೇ. ಎದೆಯೆತ್ತರದ ಕಟ್ಟೆ, ಮೂರು ಕಡೆ ಗೋಡೆ, ಮೇಲೆ ತಗಡು. ಅಂದವಾಗಿದೆಯೆಂದು ಎಲ್ಲರೂ ಹೊಗಳಿದರು. ಮೊದಲ ವರ್ಷವೇ ಬದಿಯಲ್ಲಿ ಕೂಡುತ್ತಿದ್ದ ತಾಯಂದಿರು ಗೋಡೆ ಅಡ್ಡವಾಗಿ ಮನೆಗೆ ಹೋದರು. ತಗಡಿನ ಕೆಳಗೆ ಮಾತು ಮಾರ್ದನಿಗೊಂಡು, ಅದನ್ನು ಮುಚ್ಚಲು ಮೈಕು ಬಂತು, ಮೈಕಿಗೆ ಸರಿಯಾಗಿ ಪೆಟ್ಟಿಗೆಗಳು ಬಂದವು. ಬೆಳಗಿನ ಜಾವ ಮುದುಕ ವೇಷಧಾರಿಯೊಬ್ಬರು ಬಣ್ಣ ತೊಳೆಯುತ್ತ ನಮಗೆ ಹೇಳಿದರು: “ಯಪ್ಪಾ, ಈ ಕಟ್ಟಿ ಮ್ಯಾಲ ನಿಂತ್ರ ಮಂದಿ ಮಾರಿ ಕಾಣಂಗಿಲ್ರಿ. ಮಾರಿ ಕಾಣದಿದ್ರ ಮಾತ ಹ್ಯಾಂಗ ಬರ್ತಾವ್ರಿ?” ಅಂದು ನಮಗೆ ಭರತನ ಎರಡನೆಯ ಅಧ್ಯಾಯ ಅರ್ಥವಾಯಿತು. ಪಾಠಶಾಲೆಯಲ್ಲಿ ಕಂಠಪಾಠ ಮಾಡಿದ್ದನ್ನು ಅಕ್ಷರ ಓದದ ಒಬ್ಬ ರೈತ ತನ್ನ ಕಾಲಡಿಯಿಂದ ತಿಳಿದಿದ್ದರು. ಅವರು ಮರುವರ್ಷದಿಂದ ವೇಷ ಕಟ್ಟಲಿಲ್ಲ, ಈಗ ಲಿಂಗೈಕ್ಯರಾಗಿದ್ದಾರೆ. ಅವರ ಆಟವನ್ನು ಈ ಊರಿನ ಮಕ್ಕಳು ನೋಡಲಿಲ್ಲ. ಆ ಋಣ ನಮ್ಮ ಮೇಲಿದೆ.

ಆದುದರಿಂದ ನಮ್ಮ ಅಪ್ಪಣೆ ಇಷ್ಟು. ಈ ವರ್ಷ ಆಟ ಮಠದ ಮುಂದಿನ ಕಣದಲ್ಲಿ ನಡೆಯಲಿ. ಹಲಗೆಯ ಅಟ್ಟ ಮೊಣಕಾಲೆತ್ತರವಿರಲಿ, ಮೂರು ಕಡೆ ತೆರೆದಿರಲಿ. ತರುಣರು ದೀಪ ತರಲಿ, ನಾವು ಬೇಡವೆನ್ನುವುದಿಲ್ಲ. ಆದರೆ ಅದು ಬೆಂಕಿಯ ಬಣ್ಣದ್ದಾಗಿರಲಿ, ಮಿಣಮಿಣ ಕುಣಿಯದಿರಲಿ, ಒಂದಿಷ್ಟು ಬೆಳಕು ಮಂದಿಯ ಮುಖದ ಮೇಲೂ ಬೀಳಲಿ. ಯಾವ ದೀಪವನ್ನು ಎಲ್ಲಿಡಬೇಕೆಂದು ತರುಣರು ಹಿರಿಯರನ್ನು ಕಿರೀಟ ಕಟ್ಟಿ ನಿಲ್ಲಿಸಿ, ಹಿಂದಿನ ರಾತ್ರಿಯೇ ಕಟ್ಟಕಡೆಯಲ್ಲಿ ಕುಳಿತು ನೋಡಿ ನಿರ್ಣಯಿಸಲಿ. ಡಿಜೆ ಪೆಟ್ಟಿಗೆ ತೇರಿನ ದಿನಕ್ಕೆ ಸಾಕು. ಸಿಮೆಂಟಿನ ಮಂಚವನ್ನು ಕೆಡವಬೇಡಿರಿ, ನಮ್ಮಂಥವರು ಭಾಷಣ ಮಾಡಲು ಅದು ಯೋಗ್ಯವಾಗಿದೆ.

ಎರಡು ಪಕ್ಷದವರೂ ಒಂದೇ ಅಟ್ಟ ಕಟ್ಟುವಂತಾಗಲಿ, ತಾಯಂದಿರು ಬದಿಯ ತಮ್ಮ ಸ್ಥಳಕ್ಕೆ ಮರಳಿ ಬರುವಂತಾಗಲಿ ಎಂದು ಹಾರೈಸಿ ನಮ್ಮ ಮಾತು ಮುಗಿಸುತ್ತೇವೆ.